ಓಟದಲ್ಲಿ ತೊಡೆಯ ಸ್ನಾಯು ಎಳೆದುಕೊಂಡರೆ ಮೊದಲು ಮಾಡಬೇಕಾದದ್ದೇನು: ಮಂಜುಗಡ್ಡೆಯೋ, ಬಿಸಿ ಎಣ್ಣೆಯೋ?

ಮೈದಾನ_ಹಾವೇರಿ
ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ನಿನ್ನೆ ನಡೆದ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ 4×100 ಮೀಟರ್ ರಿಲೇ ಓಡುತ್ತಿದ್ದ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬ್ಯಾಟನ್ ಪಡೆದು ವೇಗ ಹೆಚ್ಚಿಸುತ್ತಿದ್ದಂತೆಯೇ ಬಲತೊಡೆಯ ಹಿಂಬದಿಯನ್ನು ಹಿಡಿದುಕೊಂಡು ಕುಳಿತುಬಿಟ್ಟಳು. ಅಲ್ಲಿದ್ದವರೊಬ್ಬರು ಕೂಡಲೇ ನೋವಿನ ಸ್ಪ್ರೇ ಹೊಡೆದು "ಏನೂ ಆಗಿಲ್ಲ, ಎದ್ದು ಓಡು" ಎಂದರು. ನಾನು ಓಡಲು ಬಿಡಲಿಲ್ಲ. ಈಗ ಅವಳು ಕುಂಟುತ್ತಾ ನಡೆಯುತ್ತಾಳೆ, ಹೊರಗೆ ಕಾಣುವಂತಹ ಬಾವು ಇಲ್ಲ.

ಮನೆಯಲ್ಲಿ ಅವಳ ಅಜ್ಜಿ ಹರಳೆಣ್ಣೆ ಕಾಯಿಸಿಕೊಂಡು ಕುಳಿತಿದ್ದಾರೆ, ಪಕ್ಕದ ಊರಿನಲ್ಲಿ ಉಳುಕು ತೆಗೆಯುವವರ ಬಳಿಗೂ ಕರೆದೊಯ್ಯಬೇಕೆಂದಿದ್ದಾರೆ. ನಮ್ಮ ವಿಜ್ಞಾನ ಶಿಕ್ಷಕರು ಮಂಜುಗಡ್ಡೆಯನ್ನೇ ಇಡಬೇಕು ಎನ್ನುತ್ತಾರೆ. ತಾಲ್ಲೂಕು ಮಟ್ಟದ ಕೂಟ ಹತ್ತಿರದಲ್ಲೇ ಇದೆ, ಹುಡುಗಿ ಓಡಿಯೇ ಓಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಮನೆಯವರಿಗೆ ನಾನು ಏನು ಹೇಳಲಿ? ಶಾಲೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಇಂತಹ ಗಾಯಕ್ಕೆಂದು ಏನೇನು ಇರಬೇಕು?

ಫಿಸಿಯೋ_ಧಾರವಾಡ
ಮೇಡಂ, ಓಡಲು ಬಿಡದೆ ಇದ್ದದ್ದೇ ನೀವು ಕೊಟ್ಟ ಅತ್ಯುತ್ತಮ ಪ್ರಥಮ ಚಿಕಿತ್ಸೆ. ಸ್ಪ್ರೇ ಚರ್ಮವನ್ನು ಮಾತ್ರ ತಣ್ಣಗಾಗಿಸಿ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ಒಳಗೆ ಹರಿದಿರುವ ಎಳೆಗಳಿಗೆ ಅದರಿಂದ ಯಾವ ಲಾಭವೂ ಇಲ್ಲ. ನೋವು ಮರೆತ ಮಗು ಮತ್ತೆ ಓಡಿದರೆ ಸಣ್ಣದಾಗಿ ಹರಿದದ್ದು ದೊಡ್ಡದಾಗುತ್ತದೆ.

ಸ್ನಾಯು ಎಳೆದುಕೊಂಡಾಗ ಅದರ ಎಳೆಗಳ ಜೊತೆಗೆ ಅವುಗಳ ನಡುವಿನ ಸೂಕ್ಷ್ಮ ರಕ್ತನಾಳಗಳೂ ಹರಿದು ಒಳಗೇ ರಕ್ತ ಒಸರುತ್ತದೆ. ಆದ್ದರಿಂದ ಮೊದಲ ಎರಡು ಮೂರು ದಿನ ಬಿಸಿ ಶಾಖ, ಒತ್ತಿ ನೀವುವುದು, ಜೋರಾಗಿ ಎಳೆದು ಚಾಚಿಸುವುದು ಈ ಮೂರೂ ಬೇಡ. ಮಂಜುಗಡ್ಡೆ ಸಿಕ್ಕರೆ ತೆಳುವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ ಇಡಿ, ನಂತರ ಕನಿಷ್ಠ ಎರಡು ಗಂಟೆ ಬಿಡುವು ಕೊಡಿ. ಚರ್ಮಕ್ಕೆ ನೇರವಾಗಿ ತಾಗಿಸಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಕ್ರೇಪ್ ಬ್ಯಾಂಡೇಜನ್ನು ಮೊಣಕಾಲಿನ ಕಡೆಯಿಂದ ಮೇಲಕ್ಕೆ ಹದವಾಗಿ ಸುತ್ತಿ; ಪಾದ ತಣ್ಣಗಾದರೆ, ಜೋಮು ಹಿಡಿದರೆ, ಬೆರಳು ನೀಲಿಯಾದರೆ ಕೂಡಲೇ ಬಿಚ್ಚಿ. ಮಲಗಿದಾಗ ಕಾಲ ಕೆಳಗೆ ಎರಡು ದಿಂಬು ಇರಲಿ.

ನನಗೆ ಎರಡು ವಿಷಯ ತಿಳಿಯಬೇಕು. ಆ ಕ್ಷಣದಲ್ಲಿ ಅವಳಿಗೆ "ಟಪ್" ಎಂದು ಏನಾದರೂ ಕಿತ್ತಂತೆ ಅನ್ನಿಸಿತೇ? ನೋವು ತೊಡೆಯ ನಡುವೆ ಇದೆಯೋ, ಅಥವಾ ಕುಳಿತಾಗ ನೆಲಕ್ಕೆ ಒತ್ತುವ ಪೃಷ್ಠದ ಮೂಳೆಯ ಹತ್ತಿರವೋ?

ಬಯಲುಸೀಮೆ
ಮಂಜುಗಡ್ಡೆಯ ಕಾಲ ಮುಗಿಯಿತು ಸ್ವಾಮಿ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಎತ್ತರ ಎಂಬ ನಾಲ್ಕು ಮಾತಿನ "ರೈಸ್" ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ನಂತರ ಮಂಜುಗಡ್ಡೆಯೂ ಸಂಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ನಿಧಾನಿಸಬಹುದು ಎಂದು ಬರೆದರು. ಬಾವು ದೇಹದ ದುರಸ್ತಿ ಕೆಲಸದ ಮೊದಲ ಹೆಜ್ಜೆ; ಅದನ್ನು ಹೆಪ್ಪುಗಟ್ಟಿಸುವುದು ಯಾವ ಬುದ್ಧಿವಂತಿಕೆ?

ಫಿಸಿಯೋ_ಧಾರವಾಡ
ಮಿರ್ಕಿನ್ ಅವರ ವಿಷಯ ಸರಿ. 2019ರಲ್ಲಿ ಕೆನಡಾದ ಡುಬ್ವಾ ಮತ್ತು ಎಸ್ಕುಲಿಯೇ ಅವರು ಮುಂದಿಟ್ಟ "ಪೀಸ್ ಅಂಡ್ ಲವ್" ಎಂಬ ಹೊಸ ಸೂತ್ರದಲ್ಲಿಯೂ ಮಂಜುಗಡ್ಡೆಗೆ ಜಾಗವಿಲ್ಲ. ಉರಿಯೂತ ತಗ್ಗಿಸುವ ಮಾತ್ರೆಗಳನ್ನೂ ಆರಂಭದಲ್ಲಿ ದೂರವಿಡಿ ಎಂದು ಅವರು ಹೇಳುತ್ತಾರೆ. ಆದರೆ ಮಿರ್ಕಿನ್ ಅವರೂ ಗಾಯವಾದ ಕೂಡಲೇ ನೋವಿಗಾಗಿ ಸ್ವಲ್ಪ ಹೊತ್ತು ಇಡುವುದನ್ನು ಬೇಡವೆನ್ನಲಿಲ್ಲ ಎಂಬುದನ್ನು ನೀವು ಬಿಟ್ಟಿರಿ. ನಾನು ಮಂಜುಗಡ್ಡೆ ಹೇಳುವುದು ನೋವಿಗಾಗಿಯೇ. ಅದು ಹರಿದದ್ದನ್ನು ಕೂಡಿಸುತ್ತದೆ ಎಂದು ನಾನೆಲ್ಲಿಯೂ ಬರೆದಿಲ್ಲ. ಮಂಜುಗಡ್ಡೆ ಸಿಗದಿದ್ದರೆ ಮಡಕೆಯ ನೀರಿನಲ್ಲಿ ಅದ್ದಿದ ಬಟ್ಟೆ ಸಾಕು, ಏನೂ ಇಡದಿದ್ದರೂ ಪ್ರಮಾದವಿಲ್ಲ. ಬಿಸಿ ಎಣ್ಣೆ ಹಾಕಿ ಒತ್ತುವುದು ಮಾತ್ರ ಪ್ರಮಾದ.

ಶಿರಸಿ_ತೋಟ
ನಮ್ಮ ಕಡೆ ಕೊನೆಗಾರರಿಗೆ ತೋಳು, ಬೆನ್ನು, ತೊಡೆ ಎಳೆದುಕೊಳ್ಳುವುದು ಅಡಿಕೆ ಕೊಯ್ಲಿನ ಹೊತ್ತಿಗೆ ನಿತ್ಯದ ಮಾತು. ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರಿನ ಶಾಖ, ಮೇಲೆ ಎಳ್ಳೆಣ್ಣೆ ಅಥವಾ ಮಹಾನಾರಾಯಣ ತೈಲ, ಇಷ್ಟರಲ್ಲಿಯೇ ಎಲ್ಲರೂ ಎದ್ದು ಮತ್ತೆ ಮರ ಹತ್ತಿದ್ದಾರೆ. ಅಜ್ಜಿಯ ಕೈಗುಣವನ್ನು ಪ್ರಮಾದ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಎಷ್ಟರ ಮಟ್ಟಿಗೆ ಸರಿ?

ಬಯಲುಸೀಮೆ
ಎದ್ದವರನ್ನು ಮಾತ್ರ ಎಣಿಸಿದ್ದೀರಿ.

ಫಿಸಿಯೋ_ಧಾರವಾಡ
ಶಿರಸಿಯವರೇ, ಸಣ್ಣ ಪ್ರಮಾಣದ ಎಳೆತ ಯಾರು ಏನು ಮಾಡಿದರೂ, ಏನೂ ಮಾಡದಿದ್ದರೂ ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ಗುಣವಾಗುತ್ತದೆ. ಹಾಗಾಗಿ ಆ ಅವಧಿಯಲ್ಲಿ ಹಚ್ಚಿದ ಎಣ್ಣೆಗೂ, ಕಟ್ಟಿದ ಸೊಪ್ಪಿಗೂ ಕೀರ್ತಿ ಬರುತ್ತದೆ. ನಡುಮಟ್ಟಕ್ಕೆ ಹರಿದಿದ್ದರೆ ಆರು ವಾರ ಅಥವಾ ಹೆಚ್ಚು ಬೇಕಾಗಬಹುದು. ಸ್ನಾಯು ಪೂರ್ತಿ ಕಡಿದುಹೋದರೆ ತಿಂಗಳುಗಳೇ ಬೇಕು, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕು. ನಿಮ್ಮ ಲಕ್ಕಿ ಸೊಪ್ಪಿನ ಶಾಖಕ್ಕೆ ನನ್ನ ವಿರೋಧವಿಲ್ಲ. ಮೂರು ದಿನ ಕಳೆದು ಬಾವು ಇಳಿದ ಮೇಲೆ ಬಿಗಿದುಕೊಂಡ ಸ್ನಾಯುವಿಗೆ ಅದು ಹಿತವೇ. ನನ್ನ ಜಗಳ ಎಣ್ಣೆಯೊಡನೆ ಅಲ್ಲ, ಅದನ್ನು ಹಚ್ಚುವ ದಿನ ಮತ್ತು ಹೆಬ್ಬೆರಳಿನ ಒತ್ತಡದೊಡನೆ.

ಕೈಮದ್ದು_ಮನೆತನ
ನಮ್ಮ ಮನೆಯಲ್ಲಿ ಚಿಕ್ಕಪ್ಪನವರು ಇಂದಿಗೂ ಉಳುಕು ನೋಡುತ್ತಾರೆ, ಹೀಗಾಗಿ ಒಂದು ಮಾತು ಹೇಳುವುದಿದೆ. ಬಲ್ಲವರು ಊದಿಕೊಂಡ ಜಾಗವನ್ನು ಮುಟ್ಟುವುದಿಲ್ಲ. ಬಂದವರನ್ನು ಮೊದಲು ನಡೆಸಿ ನೋಡುತ್ತಾರೆ, ಕಾಲೂರಲು ಆಗದಿದ್ದರೆ "ಮೊದಲು ಫೋಟೋ ತೆಗೆಸಿಕೊಂಡು ಬನ್ನಿ" ಎಂದು ಎಕ್ಸ್‌-ರೇಗೆ ಕಳುಹಿಸುತ್ತಾರೆ. ಬಂದವರನ್ನೆಲ್ಲ ಮಲಗಿಸಿ ಮೊಣಕೈಯಿಂದ ತುಳಿಯುವವರು ಈಚೆಗೆ ಹೆಚ್ಚಾಗಿದ್ದಾರೆ ಎಂಬುದೂ ನಿಜ. ಪುತ್ತೂರು ಕಟ್ಟು ಎಂಬ ಫಲಕ ಇಲ್ಲದ ಊರೇ ನಮ್ಮ ಕಡೆ ಕಡಿಮೆ, ಆದರೆ ಆಂಧ್ರದ ಆ ಪುತ್ತೂರಿನ ಮುಖವನ್ನೂ ನೋಡದವರು ಅವರಲ್ಲಿ ಎಷ್ಟು ಮಂದಿಯೋ! ಮೇಡಂ, ಅಜ್ಜಿಗೆ ನೋವಾಗದಂತೆ ಹೇಳಬೇಕಾದರೆ "ಎಣ್ಣೆ ಬೇಡ" ಎನ್ನಬೇಡಿ; "ನಾಲ್ಕನೆಯ ದಿನದಿಂದ ಹಚ್ಚೋಣ, ಅಲ್ಲಿಯವರೆಗೆ ತಿಕ್ಕುವುದು ಬೇಡ" ಎನ್ನಿ. ಹಿರಿಯರು ಒಪ್ಪುತ್ತಾರೆ.

ಮೈದಾನ_ಹಾವೇರಿ
ಎಲ್ಲರಿಗೂ ಧನ್ಯವಾದಗಳು. ಈಗಷ್ಟೇ ಅವಳ ಮನೆಗೆ ಹೋಗಿ ಬಂದೆ. "ಟಪ್" ಎಂದದ್ದು ಹೌದಂತೆ. ನೋವು ತೊಡೆಯ ಮೇಲ್ಭಾಗದಲ್ಲಿ, ಪೃಷ್ಠದ ಬುಡದಲ್ಲಿಯೇ ಹೆಚ್ಚು. ಗಟ್ಟಿ ಬೆಂಚಿನ ಮೇಲೆ ಕುಳಿತುಕೊಳ್ಳಲು ಅವಳಿಗೆ ಆಗುತ್ತಿಲ್ಲ.

ತಾಲ್ಲೂಕು_ವೈದ್ಯ
ಮೇಡಂ, ಹಾಗಾದರೆ ಅವಳನ್ನು ನಾಳೆಯೇ ಆಸ್ಪತ್ರೆಗೆ ಕರೆದೊಯ್ದು ಸೊಂಟದ ಎಕ್ಸ್‌-ರೇ ತೆಗೆಸಿ. ಇದನ್ನು ಹೆದರಿಸಲು ಹೇಳುತ್ತಿಲ್ಲ, ಕಾರಣ ವಿವರಿಸುತ್ತೇನೆ.

ಬೆಳೆಯುವ ಮಕ್ಕಳಲ್ಲಿ ಸ್ನಾಯು ಬಂದು ಅಂಟಿಕೊಳ್ಳುವ ಮೂಳೆಯ ತುದಿ ಇನ್ನೂ ಗಟ್ಟಿಯಾಗಿರುವುದಿಲ್ಲ, ಅಲ್ಲಿ ಮೃದ್ವಸ್ಥಿಯ ಒಂದು ಬೆಳವಣಿಗೆಯ ಪದರ ಇರುತ್ತದೆ. ದೊಡ್ಡವರಲ್ಲಿ ಜೋರಾದ ಎಳೆತ ಬಿದ್ದಾಗ ಸ್ನಾಯು ಹರಿಯುತ್ತದೆ. ಸುಮಾರು 13ರಿಂದ 17ರ ವಯಸ್ಸಿನವರಲ್ಲಿ ಸ್ನಾಯುವೇ ಗಟ್ಟಿ, ಆ ಪದರವೇ ದುರ್ಬಲ, ಆದ್ದರಿಂದ ಸ್ನಾಯು ತನ್ನೊಡನೆ ಮೂಳೆಯ ಒಂದು ಚೂರನ್ನೇ ಕಿತ್ತುಕೊಂಡು ಬರಬಹುದು. ಹೊರನೋಟಕ್ಕೆ ಇದು ತೊಡೆ ಎಳೆದುಕೊಂಡಂತೆಯೇ ಕಾಣುತ್ತದೆ, ಮಗು ಕುಂಟುತ್ತಾ ನಡೆಯಲೂಬಹುದು. ಓಟ, ಲಾಂಗ್ ಜಂಪ್, ಫುಟ್‌ಬಾಲ್, ಜಿಮ್ನಾಸ್ಟಿಕ್ಸ್ ಆಡುವ ಮಕ್ಕಳಲ್ಲಿ ಇದು ಕಾಣಸಿಗುತ್ತದೆ. ಚೂರು ಹೆಚ್ಚು ದೂರ ಸರಿಯದಿದ್ದರೆ ಊರುಗೋಲು, ವಿಶ್ರಾಂತಿ, ಹಂತಹಂತದ ವ್ಯಾಯಾಮ ಇಷ್ಟರಲ್ಲೇ ಗುಣವಾಗುತ್ತದೆ. ಇದನ್ನು ಉಳುಕು ಎಂದು ತಿಳಿದು ತಿಕ್ಕಿ ತೀಡಿ, ಮತ್ತೆ ಓಡಿಸಿದರೆ ಚೂರು ಇನ್ನಷ್ಟು ದೂರ ಹೋಗಿ ವರ್ಷಗಟ್ಟಲೆ ಕುಳಿತಾಗಲೆಲ್ಲ ಕಾಡುವ ನೋವಾಗಿ ಉಳಿಯಬಹುದು.

ಮಾತ್ರೆಯ ವಿಷಯ. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು; ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಗುಳಿಗೆಗಳ ನಡುವೆ ಆರು ಗಂಟೆಯ ಅಂತರ. 16 ವರ್ಷದೊಳಗಿನವರಿಗೆ ಆಸ್ಪಿರಿನ್ ಕೊಡಬೇಡಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು 2011ರಲ್ಲಿಯೇ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ದೊಡ್ಡ ಮಕ್ಕಳಿಗೂ ನಾನು ಬರೆಯುವುದಿಲ್ಲ. ಡೆಂಗಿ ಇರುವ ಋತುವಿನಲ್ಲಿ ಮಗುವಿಗೆ ಜ್ವರವೂ ಇದ್ದರೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಎರಡೂ ಬೇಡ. ಪಾಲಕರನ್ನು ಕೇಳದೆ ಶಾಲೆಯಲ್ಲಿ ಯಾವ ಗುಳಿಗೆಯನ್ನೂ ನೀವಾಗಿ ಕೊಡದಿರುವುದು ನಿಮಗೂ ಕ್ಷೇಮ.

ಹದ್ದಿನ_ಕಣ್ಣು
ಡೈಕ್ಲೋಫೆನಾಕ್ ಎಂದ ಕೂಡಲೇ ನೆನಪಾಯಿತು. ದನಗಳಿಗೆ ಕೊಟ್ಟ ಇದೇ ಔಷಧ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಅವುಗಳ ಸಂತತಿಯನ್ನು ಬಹುಪಾಲು ಅಳಿಸಿತು. 2006ರಲ್ಲಿ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಿದರು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ್ದರೂ ಅಲ್ಲಿ ಈಗ ಕಾಣುವ ಹದ್ದುಗಳು ಬೆರಳೆಣಿಕೆಯವು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳನ್ನು ದನಗಳಿಗೆ ಬಳಸುತ್ತಿದ್ದರೆಂದು 2015ರಲ್ಲಿ ಚುಚ್ಚುಮದ್ದಿನ ಸೀಸೆಯನ್ನು 3 ಮಿಲಿಲೀಟರ್‌ಗೆ ಮಿತಿಗೊಳಿಸಬೇಕಾಯಿತು.

ನಿರ್ವಾಹಕ
ವಿಷಯ ಮಹತ್ವದ್ದೇ, ಆದರೆ ಅದಕ್ಕೆ ಪ್ರತ್ಯೇಕ ಚರ್ಚೆ ಆರಂಭಿಸಿ. ಇಲ್ಲಿ ತೊಡೆಗೆ ಮರಳೋಣ.

ಓಟ_ನಲವತ್ತರ_ನಂತರ
2017ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಉಸೇನ್ ಬೋಲ್ಟ್ ತಮ್ಮ ಕೊನೆಯ ಓಟದಲ್ಲಿ ಬಿದ್ದದ್ದೂ ಇದೇ 4×100 ರಿಲೇಯಲ್ಲಿ, ಕೊನೆಯ ಓಟಗಾರನಾಗಿ ಬ್ಯಾಟನ್ ಪಡೆದ ಮೇಲೆ, ತೊಡೆಯ ಹಿಂಬದಿ ಹಿಡಿದುಕೊಂಡೇ. ಓಟಕ್ಕೆ ಮೊದಲು ತಮ್ಮನ್ನು ಬಹಳ ಹೊತ್ತು ಕಾಯಿಸಿದರು, ಮೈ ತಣ್ಣಗಾಯಿತು ಎಂದು ಆ ತಂಡದವರು ದೂರಿದ್ದರು. ನಮ್ಮ ಹೋಬಳಿ ಕೂಟಗಳಲ್ಲಿ ಅತಿಥಿಗಳ ಭಾಷಣ ಮುಗಿಯುವವರೆಗೆ ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ನಿಲ್ಲುತ್ತಾರೆ. ಹೆಸರು ಕೂಗಿದ ಕೂಡಲೇ ನೇರವಾಗಿ ಗೆರೆಗೆ ಬಂದು ಬರಿಗಾಲಿನಲ್ಲಿ ಪೂರ್ತಿ ವೇಗದಲ್ಲಿ ಓಡುತ್ತಾರೆ. ತೊಡೆ ಎಳೆದುಕೊಳ್ಳದಿದ್ದರೆ ಅದೇ ಆಶ್ಚರ್ಯ.

ಬಯಲುಸೀಮೆ
ಬೋಲ್ಟ್‌ಗೆ ಆದದ್ದು ಬರಿಯ ಸೆಳೆತ ಎಂದು ಅವರ ತಂಡದ ವೈದ್ಯರೇ ಅಂದು ಹೇಳಿದ್ದರಲ್ಲ? ಸೆಳೆತಕ್ಕೂ ಎಳೆತಕ್ಕೂ ಚಿಕಿತ್ಸೆ ಒಂದೇ ಏನು?

ಫಿಸಿಯೋ_ಧಾರವಾಡ
ಒಳ್ಳೆಯ ಪ್ರಶ್ನೆ, ಮೈದಾನದಲ್ಲಿ ಹೆಚ್ಚು ಗೊಂದಲವಾಗುವುದೂ ಇಲ್ಲಿಯೇ. ಸೆಳೆತದಲ್ಲಿ ಸ್ನಾಯು ಹರಿಯುವುದಿಲ್ಲ, ಗಂಟಿನಂತೆ ಬಿಗಿದುಕೊಳ್ಳುತ್ತದೆ, ಸಡಿಲವಾಗುವುದಿಲ್ಲ. ಅದನ್ನು ನಿಧಾನವಾಗಿ ಚಾಚಿಸಬೇಕು: ಮೀನಖಂಡವಾದರೆ ಮೊಣಕಾಲು ನೇರವಿಟ್ಟು ಪಾದವನ್ನು ಮೊಣಕಾಲಿನ ಕಡೆಗೆ ಬಗ್ಗಿಸಬೇಕು, ಮೃದುವಾಗಿ ನೀವಿದರೂ ಸರಿಯೇ. ಕೆಲವು ನಿಮಿಷಗಳಲ್ಲಿ ಬಿಟ್ಟುಹೋಗುತ್ತದೆ. ಎಳೆತದಲ್ಲಿ ಚಾಚಿದಷ್ಟೂ ನೋವು ಹೆಚ್ಚುತ್ತದೆ, ಒಂದು ಬಿಂದುವಿನ ಮೇಲೆ ಬೆರಳಿಟ್ಟರೆ ಮಗು ಚೀರುತ್ತದೆ, ಮರುದಿನ ಅಥವಾ ಅದರ ಮರುದಿನ ಆ ಜಾಗ ನೀಲಿಗಟ್ಟಬಹುದು. ಗುರುತಿಸಲು ಆಗದಿದ್ದರೆ ಎಳೆತವೆಂದೇ ಭಾವಿಸಿ ಆಟದಿಂದ ಹೊರಗಿಡಿ.

ಬೋಲ್ಟ್ ಅವರ ವಿಷಯದಲ್ಲಿ, ಅವರು ನಂತರ ತೊಡೆಯ ಸ್ನಾಯು ಹರಿದಿತ್ತೆಂದೇ ತಿಳಿಸಿದರು. ಮೊದಲ ಗಂಟೆಯಲ್ಲಿ ಕೊಟ್ಟ ಹೆಸರನ್ನು ಕಡೆಯ ಮಾತೆಂದು ನಂಬಬಾರದು.

ಉಪ್ಪಿನಕಾಯಿ
ಸೆಳೆತಕ್ಕೆ ಬಾಳೆಹಣ್ಣು ತಿನ್ನಿಸಿ ಎನ್ನುವವರು ಇನ್ನೂ ಯಾರೂ ಬಂದಿಲ್ಲವೇ?

ತಾಲ್ಲೂಕು_ವೈದ್ಯ
ತಿನ್ನಲಿ, ಹೊಟ್ಟೆ ತುಂಬುತ್ತದೆ. ಆದರೆ ಹಣ್ಣಿನ ಪೊಟ್ಯಾಸಿಯಂ ಹೊಟ್ಟೆಯಿಂದ ರಕ್ತಕ್ಕೆ ಸೇರುವ ಹೊತ್ತಿಗೆ ಸೆಳೆತ ತಾನಾಗಿಯೇ ಹೋಗಿರುತ್ತದೆ. ನಿಮ್ಮ ಹೆಸರಿಗೆ ತಕ್ಕ ಮಾತೊಂದಿದೆ: ಉಪ್ಪಿನಲ್ಲಿಟ್ಟ ಸೌತೆಯ ಹುಳಿನೀರು ಸೆಳೆತವನ್ನು ಬರಿಯ ನೀರಿಗಿಂತ ಬೇಗ ಬಿಡಿಸಿತೆಂದು 2010ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ್ದರು. ಅದು ದೇಹಕ್ಕೆ ಹೀರಿಕೊಳ್ಳುವ ಮೊದಲೇ ಪರಿಣಾಮ ಕಂಡದ್ದರಿಂದ ಬಾಯಿ ಮತ್ತು ಗಂಟಲಿನಿಂದ ಹೊರಟ ನರದ ಪ್ರತಿಕ್ರಿಯೆ ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು. ನಮ್ಮ ಎಣ್ಣೆಯ ಮಾವಿನ ಮಿಡಿಯ ಮೇಲೆ ಯಾರೂ ಪ್ರಯೋಗ ಮಾಡಿದಂತಿಲ್ಲ.

ರಾತ್ರಿಬಸ್ಸು
ಸಂಬಂಧವಿದೆಯೋ ಇಲ್ಲವೋ ತಿಳಿಯದು, ಕ್ಷಮಿಸಿ. ನನಗೆ 52 ವರ್ಷ. ಬೆಂಗಳೂರಿನಿಂದ ಬೀದರಿಗೆ ರಾತ್ರಿ ಬಸ್ಸಿನಲ್ಲಿ ಬಂದ ಮೇಲೆ ಎಡಗಾಲಿನ ಮೀನಖಂಡ ಎಳೆದುಕೊಂಡಂತಿದೆ. ಓಡಿಯೂ ಇಲ್ಲ, ಎಡವಿಯೂ ಇಲ್ಲ. ಕಾಲು ಸ್ವಲ್ಪ ದಪ್ಪಗೆ, ಬೆಚ್ಚಗೆ ಇದೆ. ಹೆಂಡತಿ ಮುಲಾಮು ಹಚ್ಚಿ ತಿಕ್ಕುತ್ತಿದ್ದಾಳೆ. ಎಷ್ಟು ದಿನ ಹಚ್ಚಬೇಕು?

ತಾಲ್ಲೂಕು_ವೈದ್ಯ
ದಯವಿಟ್ಟು ತಿಕ್ಕುವುದನ್ನು ಈಗಲೇ ನಿಲ್ಲಿಸಿ, ಇಂದೇ ಆಸ್ಪತ್ರೆಗೆ ಹೋಗಿ. ಯಾವ ಪೆಟ್ಟೂ ಶ್ರಮವೂ ಇಲ್ಲದೆ, ಬಹಳ ಹೊತ್ತು ಕುಳಿತ ಮೇಲೆ ಒಂದೇ ಕಾಲು ಊದಿ ಬೆಚ್ಚಗಾಗಿದ್ದರೆ ಅದು ಸ್ನಾಯುವಿನ ಎಳೆತವಲ್ಲದೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಲಕ್ಷಣವಿರಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿದರೆ ತಿಳಿಯುತ್ತದೆ. ಉಸಿರು ಸಿಕ್ಕಿಕೊಂಡರೆ ಅಥವಾ ಎದೆನೋವು ಬಂದರೆ 108ಕ್ಕೆ ಕರೆ ಮಾಡಿ, ನೀವಾಗಿ ಗಾಡಿ ಓಡಿಸಿಕೊಂಡು ಹೋಗಬೇಡಿ.

ರಾತ್ರಿಬಸ್ಸು
ಈಗಲೇ ಹೊರಟೆ.

ಶಿರಸಿ_ತೋಟ
ನಾನು ಎಣ್ಣೆಯ ಪಕ್ಷದವನೇ, ಆದರೂ ಕೇಳುತ್ತೇನೆ: ಮನೆಯಲ್ಲಿಯೇ ಇದ್ದು ನೋಡಿಕೊಳ್ಳಬಾರದ ಎಳೆತ ಯಾವುದೆಂದು ಸಾಮಾನ್ಯರಿಗೆ ತಿಳಿಯುವುದು ಹೇಗೆ?

ತಾಲ್ಲೂಕು_ವೈದ್ಯ
ನಾಲ್ಕು ಹೆಜ್ಜೆಯನ್ನೂ ಊರಿ ನಡೆಯಲು ಆಗದಿದ್ದರೆ, ಸ್ನಾಯುವಿನಲ್ಲಿ ಕೈಗೆ ಸಿಗುವ ತಗ್ಗು ಅಥವಾ ಗಡ್ಡೆ ಇದ್ದರೆ, ಪಾದ ಜೋಮು ಹಿಡಿದರೆ, ತೊಡೆ ಕಲ್ಲಿನಂತೆ ಬಿಗಿದು ಗುಳಿಗೆಗೂ ಬಗ್ಗದ ನೋವು ಏರುತ್ತಲೇ ಇದ್ದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಕಾಯಬೇಡಿ. ಹಿಮ್ಮಡಿಯ ಮೇಲೆ ಯಾರೋ ಕಲ್ಲು ಎಸೆದಂತೆ ಅನ್ನಿಸಿ ಆಮೇಲೆ ತುದಿಗಾಲಿನಲ್ಲಿ ನಿಲ್ಲಲು ಆಗದಿದ್ದರೆ ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಸ್ನಾಯುರಜ್ಜು ಕಡಿದಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಸಣ್ಣ ಎಳೆತಕ್ಕೂ ಒಮ್ಮೆ ತೋರಿಸಿಕೊಳ್ಳಬೇಕು. ಉಳಿದ ಬಹುಪಾಲನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದು.

ಮೈದಾನ_ಹಾವೇರಿ
ಎಕ್ಸ್‌-ರೇ ಆಯಿತು. ಪೃಷ್ಠದ ಮೂಳೆಯ ತುದಿಯಿಂದ ಸಣ್ಣ ಚೂರೊಂದು ಬಿಟ್ಟಿದೆ, ದೂರ ಸರಿದಿಲ್ಲ, ಶಸ್ತ್ರಚಿಕಿತ್ಸೆ ಬೇಡ ಎಂದು ಮೂಳೆ ವೈದ್ಯರು ಹೇಳಿದ್ದಾರೆ. ಊರುಗೋಲು ಕೊಟ್ಟಿದ್ದಾರೆ. ಅಜ್ಜಿ ಎಕ್ಸ್‌-ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಾವೇ ನೋಡಿದ ಮೇಲೆ ಎಣ್ಣೆಯ ಬಟ್ಟಲನ್ನು ಒಳಗಿಟ್ಟರು. ಈ ವರ್ಷದ ಓಟ ಮುಗಿಯಿತೆಂದು ತಿಳಿದು ಹುಡುಗಿ ಅತ್ತಳು. ಕಾಯ್ದಿರಿಸಿದ ಓಟಗಾರ್ತಿಯ ಹೆಸರನ್ನು ಅವಳ ಕೈಯಿಂದಲೇ ಬರೆಸಿದೆ.

ಈಗ ಉಳಿದ ಮಕ್ಕಳ ಚಿಂತೆ. ಇದು ಮರುಕಳಿಸದಂತೆ ಏನು ಮಾಡಿಸಲಿ? ನಮ್ಮಲ್ಲಿ ಉಪಕರಣಗಳೆಂದರೆ ಒಂದು ಹಳೆಯ ಜಮಖಾನೆ ಮತ್ತು ನಾಲ್ಕು ಬ್ಯಾಟನ್‌ಗಳು ಮಾತ್ರ.

ಫಿಸಿಯೋ_ಧಾರವಾಡ
ಜಮಖಾನೆ ಇದ್ದರೆ ಸಾಕು. ನಾರ್ಡಿಕ್ ಎಂಬ ವ್ಯಾಯಾಮವಿದೆ: ಒಬ್ಬಳು ಮೊಣಕಾಲೂರಿ ನಿಲ್ಲಬೇಕು, ಗೆಳತಿ ಹಿಂದಿನಿಂದ ಅವಳ ಎರಡೂ ಕಣಕಾಲುಗಳನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಮೊಣಕಾಲಿನಿಂದ ತಲೆಯವರೆಗೆ ಮೈ ನೇರವಿಟ್ಟುಕೊಂಡು ಸಾಧ್ಯವಾದಷ್ಟು ನಿಧಾನವಾಗಿ ಮುಂದಕ್ಕೆ ಬಾಗುತ್ತಾ, ಇನ್ನು ತಡೆಯಲಾಗದು ಎನ್ನುವಾಗ ಕೈಯೂರಬೇಕು. ಫುಟ್‌ಬಾಲ್ ಆಟಗಾರರಲ್ಲಿ ಇದು ತೊಡೆಯ ಹಿಂಬದಿಯ ಗಾಯಗಳನ್ನು ಸುಮಾರು ಅರ್ಧಕ್ಕೆ ಇಳಿಸಿದೆ. ಮೊದಲ ವಾರ ಐದು ಬಾರಿಗಿಂತ ಹೆಚ್ಚು ಬೇಡ, ಇಲ್ಲದಿದ್ದರೆ ಮರುದಿನ ಯಾರೂ ಮೆಟ್ಟಿಲು ಹತ್ತುವುದಿಲ್ಲ, ಪಾಲಕರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಓಟದ ದಿನ ಹತ್ತು ನಿಮಿಷ ನಿಧಾನ ಓಟ, ಮೊಣಕಾಲೆತ್ತಿ ನಡಿಗೆ, ಕಾಲು ಬೀಸುವಿಕೆ, ಕೊನೆಗೆ ವೇಗ ಏರಿಸುತ್ತಾ ಎರಡು ಮೂರು ಸಣ್ಣ ಓಟ. ಭಾಷಣ ಉದ್ದವಾದರೆ ಮತ್ತೊಮ್ಮೆ ಮಾಡಿಸಿ.

ಓಟ_ನಲವತ್ತರ_ನಂತರ
ಸಾಮಾನ್ಯ ಎಳೆತವಾಗಿದ್ದರೆ ಮತ್ತೆ ಓಡಲು ಯಾವಾಗ ಬಿಡಬಹುದು? ನನ್ನ ಜೊತೆಗಾರರೊಬ್ಬರು ನೋವು ಹೋದ ದಿನವೇ ಓಡಲು ಹೊರಟಿದ್ದಾರೆ.

ಫಿಸಿಯೋ_ಧಾರವಾಡ
ನೋವು ಹೋಗುವುದೂ ಸ್ನಾಯು ಗಟ್ಟಿಯಾಗುವುದೂ ಒಂದೇ ದಿನ ನಡೆಯುವುದಿಲ್ಲ, ಮರಳಿದ ಮೊದಲ ಕೆಲವು ವಾರಗಳಲ್ಲಿಯೇ ಇದು ಮತ್ತೆ ಹರಿಯುವುದು ಹೆಚ್ಚು. ಹಾಗೆಂದು ಹಾಸಿಗೆ ಹಿಡಿಯಬೇಕಿಲ್ಲ. ಎರಡು ಮೂರು ದಿನದ ಬಳಿಕ ನೋವಿಲ್ಲದ ಮಿತಿಯಲ್ಲಿ ನಡಿಗೆ, ಬಳಿಕ ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು, ಆಮೇಲೆ ಸ್ನಾಯುವನ್ನು ಉದ್ದವಾಗಿಸುತ್ತಲೇ ಭಾರ ಹೊರಿಸುವ ವ್ಯಾಯಾಮ. ಸ್ವೀಡನ್ನಿನ ಆಸ್ಕ್‌ಲಿಂಗ್ ಮತ್ತು ಸಂಗಡಿಗರು 2013ರಲ್ಲಿ 75 ಫುಟ್‌ಬಾಲ್ ಆಟಗಾರರ ಮೇಲೆ ನಡೆಸಿದ ಅಧ್ಯಯನದಲ್ಲಿ ಇಂತಹ ಉದ್ದವಾಗಿಸುವ ವ್ಯಾಯಾಮ ಮಾಡಿದವರು ಸರಾಸರಿ 28 ದಿನಕ್ಕೆ ಆಟಕ್ಕೆ ಮರಳಿದರೆ, ಹಳೆಯ ಪದ್ಧತಿಯವರಿಗೆ 51 ದಿನ ಬೇಕಾಯಿತು. ನಿಮ್ಮ ಜೊತೆಗಾರರು ಎರಡೂ ಕಾಲುಗಳ ಬಲ ಸಮನಾಗಿದೆಯೇ ಎಂದು ನೋಡಿಕೊಳ್ಳಲಿ. ಮೊದಲು ಅರ್ಧ ವೇಗ, ಬಳಿಕ ಮುಕ್ಕಾಲು, ಎರಡರಲ್ಲೂ ಅಳುಕಿಲ್ಲದಿದ್ದರೆ ಪೂರ್ಣ ವೇಗ.

ರಾತ್ರಿಬಸ್ಸು
ಸ್ಕ್ಯಾನ್‌ನಲ್ಲಿ ಹೆಪ್ಪು ಕಂಡಿತು, ದಾಖಲಾಗಿದ್ದೇನೆ. ಡಾಕ್ಟರ್ ಸರ್, ನಿಮಗೆ ನಮಸ್ಕಾರ.

ತಾಲ್ಲೂಕು_ವೈದ್ಯ
ಸಮಯಕ್ಕೆ ಹೋದಿರಿ, ಒಳ್ಳೆಯದಾಯಿತು. ಬಿಡುಗಡೆಯಾದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಕಾಲುನೋವು ಹೋಯಿತೆಂದು ನೀವಾಗಿಯೇ ನಿಲ್ಲಿಸಬೇಡಿ.

ಮೈದಾನ_ಹಾವೇರಿ
ಪೆಟ್ಟಿಗೆಗೆಂದು ಇಷ್ಟು ಬರೆದುಕೊಂಡೆ: 10 ಸೆಂಟಿಮೀಟರ್ ಅಗಲದ ಎರಡು ಕ್ರೇಪ್ ಬ್ಯಾಂಡೇಜ್, ತೆಳು ಟವೆಲ್, ಕತ್ತರಿ, ಮಂಜುಗಡ್ಡೆಗೆ ಮುಚ್ಚಳವಿರುವ ಥರ್ಮಾಕೋಲ್ ಡಬ್ಬಿ. ಐಸ್ ಕ್ಯಾಂಡಿ ಅಂಗಡಿಯವರು ಕೂಟದ ದಿನ ಬೆಳಿಗ್ಗೆ ಮಂಜುಗಡ್ಡೆ ಕೊಡಲು ಒಪ್ಪಿದ್ದಾರೆ. ಸ್ಪ್ರೇಯನ್ನು ಪಟ್ಟಿಯಿಂದ ತೆಗೆದಿದ್ದೇನೆ. ಒಂದೇ ಸಂಶಯ: ಎಳೆತವಾದ ಮಗು ಬ್ಯಾಂಡೇಜನ್ನು ರಾತ್ರಿಯೂ ಕಟ್ಟಿಕೊಂಡೇ ಮಲಗಬೇಕೇ?

ಫಿಸಿಯೋ_ಧಾರವಾಡ
ಬೇಡ ಮೇಡಂ, ಮಲಗುವ ಮುನ್ನ ಬಿಚ್ಚಿ, ಬೆಳಿಗ್ಗೆ ಎದ್ದು ಓಡಾಡುವ ಮೊದಲು ಮತ್ತೆ ಸುತ್ತಲಿ. ನಿದ್ದೆಯಲ್ಲಿ ಬ್ಯಾಂಡೇಜ್ ಬಿಗಿಯಾದರೆ ಮಗುವಿಗೆ ತಿಳಿಯುವುದಿಲ್ಲ. ಪಟ್ಟಿಗೆ ಒಂದು ಊರುಗೋಲನ್ನೂ ಸೇರಿಸಿ; ಮೈದಾನದಿಂದ ಗೇಟಿನವರೆಗೆ ಮಗುವನ್ನು ನಡೆಸಬೇಕಾಗುತ್ತದೆ.